ಉಪ್ಪಿನ ಮೂಟೆಗಳ ಪಂದ್ಯ

ಸ್ಲುಚ್ ನದಿ ಹೆಪ್ಪುಗಟ್ಟಿದ ಮೇಲೆ ಬರುವ ಮೊದಲ ಭಾನುವಾರ ಸೇತುವೆಗಾಗಿ ಪಂದ್ಯ ನಡೆಯುತ್ತಿತ್ತು. ಗೆದ್ದರೆ ಊರಿನ ಯೆಹೂದಿ ಬಂಡಿಯವರು ವರ್ಷವಿಡೀ ಸೇತುವೆ ದಾಟಬಹುದು. ಸೋತರೆ ಸೇತುವೆ ಅದರಡಿ ವಾಸಿಸುವ ಶೇದ್‌ಗಳ ಪಾಲು. ಬಂಡಿಗಳು ಕಾಡು ಸುತ್ತಿ ಎರಡು ದಿನ ಹೆಚ್ಚು ನಡೆಯಬೇಕು. ಶೇದ್‌ಗಳೆಂದರೆ ಪಿಶಾಚಿಗಳೇ. ಆದರೂ ಯೆಹೂದಿಗಳಂತೆ ಧರ್ಮಗ್ರಂಥ ತೋರಾ ಓದುವವರು, ಸಬ್ಬತ್ ದಿನ ಕೆಲಸ ಮುಟ್ಟದವರು. ಪಾದ ಮಾತ್ರ ಕೋಳಿಯದು.

ಹನ್ನೊಂದು ವರ್ಷ ಬಂಡಿಯವರ ಪರವಾಗಿ ಶ್ಮೆರ್ಲನೇ ಓಡಿಸಿ ಗೆದ್ದಿದ್ದ. ಈ ಶರತ್ಕಾಲದಲ್ಲಿ ಬಂಡಿ ಮಗುಚಿ ಅವನ ಸೊಂಟ ಮುರಿದಿದ್ದರಿಂದ ಲಗಾಮು ಮಗಳು ಬ್ರೈನೆಯ ಕೈಗೆ ಬಂತು. ನಾಲ್ಕು ಜನರೆದುರು ಬಾಯಿ ಬಿಡದ ಹುಡುಗಿ. ಆದರೆ ಕಂದು ಹೆಣ್ಣುಕುದುರೆ ಮಲ್ಕೆ ಕಿವಿ ಅಲ್ಲಾಡಿಸಿದರೆ ಯಾಕೆಂದು ಅವಳಿಗೆ ತಿಳಿಯುತ್ತಿತ್ತು.

ಶೇದ್‌ಗಳ ಸವಾರ ಯೋಸ್ಕೆ ತನ್ನ ಕರಿಕುದುರೆಯ ಪಕ್ಕದಲ್ಲಿ ನಿಂತು ನಕ್ಕ. "ಏನ್ ಶ್ಮೆರ್ಲ್, ಊರಲ್ಲಿ ಗಂಡಸ್ರು ಮುಗಿದುಹೋದ್ರಾ?"

"ಇದಾರೆ ಕಣಯ್ಯ," ಎಂದ ಶ್ಮೆರ್ಲ್. "ಕೋಳಿ ಅಟ್ಟೋದು ಯಾವತ್ತಿದ್ರೂ ಹೆಣ್ಮಕ್ಕಳ ಕೆಲಸ ಅಲ್ವಾ?"

ದಡದಲ್ಲಿ ನಿಂತವರೆಲ್ಲ ಗೊಳ್ಳೆಂದರು. ಬ್ರೈನೆ ನಗಲಿಲ್ಲ, ಮಲ್ಕೆಯ ಪಟ್ಟಿ ಬಿಗಿದಳು.

ಚಕ್ರವಿಲ್ಲದ ಜಾರುಬಂಡಿಗೆ ಹತ್ತು ಹತ್ತು ಉಪ್ಪಿನ ಮೂಟೆ. ಹತ್ತನ್ನೂ ಹೊತ್ತು ಹೆಪ್ಪುಗಟ್ಟಿದ ನದಿಯ ಮೇಲೆಯೇ ಮೂರು ಮೈಲಿ ಆಚೆಯ ಗಿರಣಿ ಮುಟ್ಟಬೇಕು. ಮಂಜುಗಡ್ಡೆ ಕುದುರೆಗಳ ಕಾಲಡಿ ಚಟಚಟನೆ ಬಿರಿಯುತ್ತಿತ್ತು. ಬಾಗಿದ ಮರಗಳ ಹತ್ತಿರ ಮಂಜು ತೆಳುವಾಗಿ ಕಪ್ಪಾದದ್ದನ್ನು ಕಂಡು ಬ್ರೈನೆ ದೂರ ಬಳಸಿದಳು. ಯೋಸ್ಕೆ ನೇರವಾಗಿ ನುಗ್ಗಿದ. ಗಡ್ಡೆ ಒಡೆಯಿತು. ಬಂಡಿ ಮಗುಚಿ, ಕರಿಕುದುರೆ ಮೂಟೆಗಳಡಿ ಸಿಕ್ಕಿಬಿತ್ತು. ಹಿಂಗಾಲು ನೀರಿನಲ್ಲಿ.

ಬ್ರೈನೆ ಮುಂದೆ ಸಾಗಿದ್ದಳು. ಗಿರಣಿಯ ಚಾವಣಿ ಎದುರಿಗೇ ಇತ್ತು. ಹಿಂದೆ ಕುದುರೆ ಕಿರುಚಿತು.

ಹೊರೆಯಡಿ ಬಿದ್ದ ಪ್ರಾಣಿ ಹಗೆಯವನದಾದರೂ ಬಿಟ್ಟು ಹೋಗಬಾರದು, ಅವನ ಜೊತೆ ಸೇರಿ ಎತ್ತಬೇಕು: ಬಂಡಿಯವರ ಮಕ್ಕಳು ತೊಟ್ಟಿಲಲ್ಲೇ ಕೇಳಿದ ತೋರಾದ ಮಾತಿದು. ಲಗಾಮು ಎಳೆದು ಅವಳು ಹಿಂದಿರುಗಿದಳು.

ಯೋಸ್ಕೆ ಒಂದು ಮೂಟೆಯ ಮೇಲೆ ಆರಾಮಾಗಿ ಕೂತ. "ಎತ್ತಮ್ಮಾ. ಕಟ್ಟಳೆ ಇರೋದು ನಿನ್ನ ಮೇಲೆ."

"ಅವನ ಜೊತೆ ಅಂತಿದೆ," ಎಂದಳು ಬ್ರೈನೆ. ತನ್ನ ದನಿ ಇಷ್ಟು ಜೋರಾಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. "ಯಜಮಾನ ಕೂತ್ರೆ ನಾನು ಹೋಗ್ಬಹುದು. ನಿಮ್ಮ ಪಾಠಶಾಲೇಲಿ ಅರ್ಧ ಸಾಲೇ ಹೇಳ್ಕೊಡ್ತಾರಾ? ಏಳು ಮೇಲೆ!"

ಯೋಸ್ಕೆ ಎದ್ದ. ಇಬ್ಬರೂ ಮೂಟೆ ಸರಿಸಿದರು. ಬ್ರೈನೆ ಮಲ್ಕೆಯನ್ನು ಬಂಡಿಯಿಂದ ಬಿಚ್ಚಿ, ಹಗ್ಗ ಕಟ್ಟಿ, ಕರಿಕುದುರೆಯನ್ನೂ ಬಂಡಿಯನ್ನೂ ಗಟ್ಟಿ ಜಾಗಕ್ಕೆ ಎಳೆಸಿದಳು. ಮೂಟೆಗಳನ್ನು ಮತ್ತೆ ಹೇರಿದರು. ಹತ್ತನೆಯದು ಏರಿದ್ದೇ ತಡ ಯೋಸ್ಕೆ ಚಾವಟಿ ಬೀಸಿದ. ಹೆಪ್ಪುಗಟ್ಟಿದ ಬೆರಳುಗಳಿಂದ ಬ್ರೈನೆ ಮಲ್ಕೆಯನ್ನು ತನ್ನ ಬಂಡಿಗೆ ಕಟ್ಟುವಷ್ಟರಲ್ಲಿ ಅವನು ಗಿರಣಿ ಮುಟ್ಟಿದ್ದ.

ದಡದ ದಾರಿಯಲ್ಲಿ ಬಂಡಿಯೇರಿ ಬಂದ ಶ್ಮೆರ್ಲ್ ಮತ್ತು ಊರವರು ಅಷ್ಟರಲ್ಲಿ ಗಿರಣಿಯೆದುರು ಸೇರಿದ್ದರು. ಬಂಡಿಯವ ಲಿಪೆ ಬ್ರೈನೆಯ ಮೇಲೆ ಸಿಡುಕಿದ. "ಗೆದ್ದಾಗಿತ್ತಲ್ಲೇ! ಇನ್ನು ವರ್ಷಪೂರ್ತಿ ಕಾಡು ಸುತ್ತಬೇಕು!"

"ನೀನಾಗಿದ್ರೆ ಬಿಟ್ಟು ಬರ್ತಿದ್ಯೇನೋ?" ಎಂದು ಶ್ಮೆರ್ಲ್ ಕೇಳಿದ.

ಲಿಪೆ ಟೋಪಿ ಸರಿಮಾಡಿಕೊಂಡ. ಬೈಗುಳವೊಂದನ್ನು ನುಂಗಿದ. ಆಮೇಲೆ ತನ್ನ ಕುರಿಚರ್ಮದ ಕೋಟು ಬಿಚ್ಚಿ, ಬೆವೆತ ಮಲ್ಕೆಯ ಬೆನ್ನಿಗೆ ಹೊದಿಸಿದ.

ಶ್ಮೆರ್ಲ್ ಊರುಗೋಲಿನ ಮೇಲೆ ಕುಂಟುತ್ತ ಬಂದು ಮಗಳ ಕೈಗಳನ್ನು ಉಜ್ಜಿದ. "ಹನ್ನೊಂದ್ಸಲ ಗೆದ್ದೆ ಮಗಾ. ಹಿಂದೆ ತಿರುಗ್ಬೇಕಾದ ಪಂದ್ಯ ಒಂದೂ ಬರ್ಲಿಲ್ಲ ನಂಗೆ. ಬಂದಿದ್ರೆ ಏನ್ ಮಾಡ್ತಿದ್ನೋ, ದೇವರಿಗೇ ಗೊತ್ತು."

ಮಾರನೆಯ ಬೆಳಿಗ್ಗೆ ಹದಿನೇಳು ಬಂಡಿಗಳು ಕಾಡಿನ ದಾರಿಗೆ ಸಾಲುಗಟ್ಟಿದವು. ಬ್ರೈನೆ ತಲೆ ತಗ್ಗಿಸಿ ಕೊನೆಯಲ್ಲಿ ನಿಂತಳು.

"ಏಯ್ ಶ್ಮೆರ್ಲನ ಮಗಳೇ!" ಮುಂದಿನಿಂದ ಲಿಪೆ ಕೂಗಿದ. "ಅಲ್ಲೇನ್ ಮಾಡ್ತಿದೀಯಾ? ಇಷ್ಟು ದೂರ ಸುತ್ತಿಸ್ತಿರೋಳು ನೀನು, ದಾರಿ ತೋರ್ಸೋರು ಯಾರು?"

ಒಂದೊಂದೇ ಬಂಡಿ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟಿತು. ಸೇತುವೆಯ ಮೇಲೆ ಕೂತ ಶೇದ್‌ಗಳು ಸಿಳ್ಳೆ ಹಾಕಿದರು. ಯೋಸ್ಕೆ ಹಾಕಲಿಲ್ಲ. ಬ್ರೈನೆ ಬೆನ್ನು ನೆಟ್ಟಗೆ ಮಾಡಿ ಸಾಲಿನ ತಲೆಗೆ ಬಂದಳು, ಮಲ್ಕೆಯನ್ನು ಕಾಡಿನತ್ತ ತಿರುಗಿಸಿದಳು. ಹದಿನಾರು ಬಂಡಿಗಳು ಅವಳ ಜಾಡು ಹಿಡಿದವು.