ಹ್ಯಾಂಡ್‌ಬ್ರೇಕಿನ ಐದು ಹಲ್ಲು

ಎಳೆದರೆ ಕಾರಿನ ಹ್ಯಾಂಡ್‌ಬ್ರೇಕ್ ಲಿವರ್ ಇನ್ನೂ ಟಕ್ ಟಕ್ ಅಂತ ಹತ್ತು ಹಲ್ಲು ಮೇಲೆ ಬರುತ್ತಿತ್ತು. ಹಿಂದಿನ ಎರಡೂ ಚಕ್ರ ಎತ್ತಿ, ಒಳಗಿನ ಬ್ರೇಕ್ ಶೂ ಬಿಗಿ ಮಾಡಿ, ಚಕ್ರ ತಿರುಗಿಸಿ ನೋಡಿದ್ದಾಗಿತ್ತು. ಆದರೂ ಹತ್ತು! ಐದಾರಕ್ಕೆ ನಿಲ್ಲಬೇಕು ಅಂತ ಅಪ್ಪ ಹೇಳುತ್ತಿದ್ದ. ಲಾರಿ ಶೆಡ್ಡಿನ ಮೇಸ್ತ್ರಿಯ ಮಗಳು ಅವಳು. ಈ ಮನೆಗೆ ಕಿರಿಸೊಸೆಯಾಗಿ ಬಂದ ಮೇಲೆ ಹೊಲಿಗೆ ಮಿಷನ್ ಬಿಟ್ಟು ಬೇರೆ ಯಂತ್ರ ಮುಟ್ಟಿದ್ದು ಕಡಿಮೆ. ಲಿವರ್ ಬುಡದ ಮುಚ್ಚಳದ ಸ್ಕ್ರೂಗೆ ಕೈಹಾಕಿದಳು.

ಭಾವ ಊಟ ಮುಗಿಸಿ ಗೊರಕೆ ಹೊಡೆಯುತ್ತಿದ್ದ. ಕಾರಿನ ಕೀಲಿಯನ್ನು ಮೊಳೆಯಿಂದ ಎತ್ತಿಕೊಳ್ಳಲು ಅದೇ ಸರಿಯಾದ ಹೊತ್ತು. ನಾಲ್ಕು ವರ್ಷದಲ್ಲಿ ಆ ಕೀಲಿ ಮುಟ್ಟಿದ್ದು ಇವತ್ತೇ. ನಿನ್ನೆ ಚಕ್ರಕ್ಕೆ ಕಲ್ಲಿಟ್ಟರೂ ಕಾರು ಒಂದು ಗೇಣು ಜಾರಿತ್ತು. "ನೋಡ್ತೀನಿ ಬಿಡು" ಅಂದಿದ್ದ ಭಾವ. ಅವನು ನೋಡುವ ಪೈಕಿ ಅಲ್ಲ ಅಂತ ಅವಳಿಗೆ ಗೊತ್ತಿತ್ತು.

ನಾಲ್ಕು ವರ್ಷದ ಹಿಂದೆ ಇದೇ ಇಳಿಜಾರಿನಲ್ಲಿ ಅವಳು ಕಾರು ನಿಲ್ಲಿಸಿ ಸಾಮಾನು ಇಳಿಸುತ್ತಿದ್ದಾಗ ಅದು ಹಿಂದಕ್ಕೆ ಉರುಳಿ, ಗೇಟು ಹಾಕುತ್ತಿದ್ದ ಅತ್ತೆಯನ್ನು ಗೇಟಿನ ಕಂಬಕ್ಕೆ ಒತ್ತಿ ತೊಡೆಯ ಮೂಳೆ ಮುರಿದಿತ್ತು. "ಹ್ಯಾಂಡ್‌ಬ್ರೇಕ್ ಎಳೀದೇ ಇಳಿದ್ಬಿಟ್ಟಿದ್ದಾಳೆ, ಬಂದು ನೋಡಿ!" ಅಂತ ಕೂಗಿದವನು ಭಾವ. ಎಲ್ಲರೂ ನೋಡಿದರು. ಲಿವರ್ ಕೆಳಗೇ ಇತ್ತು. ಎಳೆದಿದ್ದೆ ಅಂತ ಅವಳು ಬಾಯಿ ನೋಯುವಷ್ಟು ಹೇಳಿದಳು. ಗಂಡನೇ ಮುಖ ತಿರುಗಿಸಿದ. ಆಮೇಲಾಮೇಲೆ ತನ್ನ ಮೇಲೆ ತನಗೇ ಅನುಮಾನ ಬಂತು. ಅತ್ತೆಯ ಮೈ ಒರೆಸಿದಳು, ಹೇಸಿಗೆ ಬಳಿದಳು, ಕೈ ಹಿಡಿದು ನಡೆಸಿದಳು. ಅತ್ತೆ ಮಾತ್ರ ಅವತ್ತು ಅವಳ ಹತ್ತಿರ ಮಾತು ಬಿಟ್ಟವರು ಇನ್ನೂ ಆಡಿರಲಿಲ್ಲ. ಏನಾದರೂ ಬೇಕಾದರೆ ಊರುಗೋಲನ್ನು ನೆಲಕ್ಕೆ ಕುಟ್ಟುತ್ತಿದ್ದರು, ಅಷ್ಟೆ.

ಮುಚ್ಚಳ ಬಿಚ್ಚಿಕೊಂಡಿತು. ಕೇಬಲ್ ಬಿಗಿಸುವ ನಟ್ಟು ತಿರುಪಿನ ಕೊನೆ ಮುಟ್ಟಿತ್ತು, ಇನ್ನು ಬಿಗಿಯುವಂತಿರಲಿಲ್ಲ. ಕೇಬಲ್ ಹಿಗ್ಗಿದೆ, ಹೊಸದು ಹಾಕಬೇಕಿತ್ತು. ಅದರ ಬದಲು ನಟ್ಟಿನ ಕೆಳಗೆ ಯಾರೋ ಏನನ್ನೋ ತೂರಿಸಿದ್ದರು. ಬಿಚ್ಚಿ ಅಂಗೈಗೆ ಹಾಕಿಕೊಂಡಳು. ಹೊಲಿಗೆ ಮಿಷನ್ನಿನ, ದಾರ ಸುತ್ತುವ ಬಾಬಿನ್. ನಟ್ಟಿನ ಒತ್ತಡಕ್ಕೆ ಅಪ್ಪಚ್ಚಿಯಾಗಿತ್ತು. ಅದು ಕುಸಿದರೆ ಕೇಬಲ್ ಸಡಿಲ, ಲಿವರ್ ಎಳೆದರೂ ಬ್ರೇಕ್ ಹಿಡಿಯದು. ಒಳಗೆ ಇನ್ನೂ ನೇರಳೆ ದಾರ ಸಿಕ್ಕಿಕೊಂಡಿತ್ತು.

ಅತ್ತೆಯ ನೇರಳೆ ರವಿಕೆ ಹೊಲಿಯುವಾಗ ಕಳೆದುಹೋದ ಬಾಬಿನ್ ಅದು. ಅತ್ತೆ ತಾವೇ ಮಂಚದ ಕೆಳಗೆಲ್ಲ ಗುಡಿಸಿ ಹುಡುಕಿದ್ದರು. ಬೇರೆ ದಾರದಲ್ಲಿ ತೋಳು ಮುಗಿಸಿದ ಆ ರವಿಕೆಯನ್ನೇ ಮಾರನೆಯ ವಾರ, ಕಾರು ಉರುಳಿದ ದಿನ, ಆಸ್ಪತ್ರೆಯವರು ಕತ್ತರಿಸಿ ತೆಗೆದದ್ದು. ಈ ಕಾರಿಗೆ ಸ್ಪ್ಯಾನರ್ ಹಾಕುತ್ತಿದ್ದವನು ಒಬ್ಬನೇ. "ಮನೇಲೇ ಆಗೋ ಕೆಲಸಕ್ಕೆ ಗ್ಯಾರೇಜ್ ಯಾಕೆ?" ಅನ್ನುವ ಭಾವ ಮಹಾಶಯ.

ಅವಳಿಗೆ ಅಳು ಬರಲಿಲ್ಲ. ಆ ಕಂಬದ ತಂಪು ಇವನ ಬೆನ್ನಿಗೂ ತಾಗಬೇಕು ಅನ್ನಿಸಿತು. ಸಿಟ್ಟಿದ್ದರೂ ಕೆಲಸ ಕೆಡಿಸಲಿಲ್ಲ. ಬಾಬಿನ್ ಜಾಗಕ್ಕೆ ದಪ್ಪ ವಾಷರ್ ಕೊಟ್ಟು ನಟ್ಟು ಬಿಗಿದಳು. ಎಳೆದಳು. ಐದು. ಜಾಕ್ ಇಳಿಸಿ, ವರಾಂಡಕ್ಕೆ ಹೋಗಿ ಬಾಬಿನ್ನನ್ನು ಅತ್ತೆಯ ಮಡಿಲಲ್ಲಿಟ್ಟಳು.

"ಹ್ಯಾಂಡ್‌ಬ್ರೇಕ್ ಒಳಗಿತ್ತು ಅತ್ತೆ."

ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

ಭಾವ ಬನಿಯನ್‌ನಲ್ಲೇ ಆಕಳಿಸುತ್ತಾ ಎದ್ದು ಬಂದ. "ಕೀಲಿ ಯಾರನ್ನ ಕೇಳಿ ತಗೊಂಡೆ?"

"ರಿಪೇರಿ ಆಯ್ತು ಭಾವ. ಗೇಟಿನ ಹತ್ರ ನಿಂತು ಕಾರು ಜಾರುತ್ತಾ ಅಂತ ನೋಡ್ತೀರಾ?"

"ನೀನು ಮಾಡಿದ ರಿಪೇರಿ! ಜಾರದೆ ಇನ್ನೇನು?" ಅನ್ನುತ್ತಾ, ತಪ್ಪು ಹಿಡಿಯುವ ಖುಷಿಯಲ್ಲೇ ಹೋಗಿ ಕಂಬಕ್ಕೆ ಒರಗಿದ.

ಅವಳು ಹತ್ತಿ ಕೂತು ಕಾರನ್ನು ಮೆಲ್ಲಗೆ ಹಿಂದಕ್ಕೆ ಬಿಟ್ಟಳು. ಅವನ ಮಂಡಿಗೆ ಒಂದು ಗೇಣು ಇರುವಾಗ ಲಿವರ್ ಎಳೆದು ಎಂಜಿನ್ ಆರಿಸಿ ನ್ಯೂಟ್ರಲ್ ಮಾಡಿದಳು. ಎರಡೂ ಕಡೆ ಗೋಡೆ. ಗೇಟು ಒಳಕ್ಕೆ ತೆರೆಯುವಂಥದ್ದು, ಈಗ ತೆರೆಯಲು ಜಾಗವಿಲ್ಲ. ಕನ್ನಡಿಯಲ್ಲಿ ಭಾವನ ಮುಖ, ಎದುರಿನ ಗಾಜಿನಲ್ಲಿ ವರಾಂಡದ ಅತ್ತೆ.

"ಏಯ್, ಸಾಕು! ಮುಂದಕ್ಕೆ ತಗೋ!"

"ಐದು ಹಲ್ಲು ಎಳೆದಿದ್ದೀನಿ ಭಾವ. ಕಾಲು ಬ್ರೇಕ್ ಮೇಲಿಲ್ಲ." ಅತ್ತೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ಆ ಬಾಬಿನ್ ಯಾವಾಗ ತೂರಿಸಿದ್ರಿ?"

"ಯಾವ ಬಾಬಿನ್ನೇ? ತಲೆ ಕೆಟ್ಟಿದ್ಯಾ ನಿಂಗೆ?"

ಅವಳು ಲಿವರಿನ ತುದಿಯ ಗುಂಡಿ ಒತ್ತಿ ಒಂದು ಹಲ್ಲು ಇಳಿಸಿದಳು. "ನಾಲ್ಕು." ಕಾರು ಅಲ್ಲಾಡಲಿಲ್ಲ. "ಮೂರು." ಕಾರು ಉಸಿರು ಬಿಟ್ಟ ಹಾಗೆ ಹಿಂದಕ್ಕೆ ಸರಿದು, ಅವನ ಮಂಡಿಗೆ ತಾಗಿ ನಿಂತಿತು.

"ಹಾಕಿದ್ದೆ ಕಣೇ! ಅಮ್ಮ ಬೀಳೋ ಹಿಂದಿನ ವಾರ ಹಾಕಿದ್ದೆ! ಅದು ಅಪ್ಪಚ್ಚಿ ಆಗುತ್ತೆ ಅಂತ ಯಾರಿಗೆ ಗೊತ್ತಿತ್ತು?"

"ನಾನು ಬ್ರೇಕ್ ಎಳೆದಿದ್ನೋ ಇಲ್ವೋ?"

"ನೀನು ಎಳೆದಿದ್ದೆ! ಲಿವರ್ ಮೇಲೇ ಇತ್ತು. ಎಲ್ರೂ ಅಮ್ಮನ ಹತ್ರ ಓಡಿದಾಗ ನಾನೇ ಇಳಿಸ್ದೆ. ಸಾಕಾ? ಮುಂದಕ್ಕೆ ತಗೊಳ್ಳೇ!"

ಹಾಗಾದರೆ ಅವಳು ಎಳೆದೇ ಇದ್ದಳು. ಅತ್ತೆ ಕಂಬದ ಬುಡದಲ್ಲಿ ಬಿದ್ದು ಕಿರುಚುತ್ತಿದ್ದಾಗ ಇವನು ಕಾರಿನೊಳಗೆ ಬಗ್ಗಿದ್ದ.

"ಅಮ್ಮಾ, ನೀನಾದ್ರೂ ಹೇಳಮ್ಮಾ ಇವಳಿಗೆ!"

ವರಾಂಡದಲ್ಲಿ ಊರುಗೋಲು ಒಮ್ಮೆ ನೆಲಕ್ಕೆ ಬಡಿಯಿತು.

"ಇನ್ನೊಂದು ಹಲ್ಲು ಇಳಿಸಮ್ಮ" ಅಂದರು ಅತ್ತೆ.

ಸೊಸೆ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡೇ ಗಾಜಿನಾಚೆ ನೋಡಿದಳು. ಅತ್ತೆ ಮಗನ ಕಡೆ ನೋಡುತ್ತಿರಲಿಲ್ಲ. ಮಡಿಲಲ್ಲಿದ್ದ ಬಾಬಿನ್ನಿನಿಂದ ನೇರಳೆ ದಾರದ ತುದಿಯನ್ನು ಉಗುರಿನಲ್ಲಿ ಎಬ್ಬಿಸಿ, ನಿಧಾನವಾಗಿ ಬಿಚ್ಚುತ್ತಿದ್ದರು.