ಅಪ್ಪನ ಕರಣೆ, ಮಗಳ ಕೈ

ಗೋಡೆ ಕಟ್ಟುವವರ ಕೈ ಸಂಜೆಯಾದರೆ ಮಾತಾಡುತ್ತದೆ. ಗಾರೆಯಕ್ಕನ ಬಲಗೈ ಈಗೀಗ ಮಧ್ಯಾಹ್ನಕ್ಕೇ ಶುರುಮಾಡುತ್ತಿತ್ತು. ಹೆಬ್ಬೆರಳು ಜೋಮು ಹಿಡಿಯುತ್ತಿತ್ತು, ಮಣಿಕಟ್ಟು ಸುಡುತ್ತಿತ್ತು. ಕಟ್ಟುತ್ತಿದ್ದ ಮನೆಯ ದುಂಡು ಕೋಣೆಯ ಹಸಿ ಗೋಡೆಯ ಮೇಲೆ ಅವಳ ಕರಣೆ ಹರಿದಾಡಿದರೆ, ಕಿಟಕಿಯ ಬಿಸಿಲೂ ಅದರ ಹಿಂದೆಯೇ ನೀರಿನಂತೆ ಹರಿಯುತ್ತಿತ್ತು. ಅದನ್ನು ನೋಡುತ್ತ ನೋವು ಮರೆಯುತ್ತಿದ್ದಳು. ಆ ದಿನ ಮರೆಯಲಾಗಲಿಲ್ಲ. ಕರಣೆ ಕೈಜಾರಿತು, ನಯವಾದ ಗೋಡೆಗೆ ಉದ್ದನೆಯ ಗೀರು ಬಿತ್ತು.

“ಇದು ಎರಡನೇ ಸಲ,” ಎಂದರು ಮೇಸ್ತ್ರಿ. “ಸೋಮವಾರಕ್ಕೆ ಕೈ ಸರಿಹೋಗದಿದ್ರೆ ಈ ಕೋಣೇನ ಬೇರೆಯವರಿಗೆ ಕೊಡ್ತೀನಮ್ಮ.”

“ಕರಣೆಯ ಹಿಡಿ ಕೈಗೆ ಕೂರ್ತಿಲ್ಲ, ಮೇಸ್ತ್ರಿ.”

“ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ.”

ಬಾಗಿಲ ಚೌಕಟ್ಟು ಕೂರಿಸುತ್ತಿದ್ದ ಬಡಗಿಯಣ್ಣ ತಲೆಯೆತ್ತದೆ ಹೇಳಿದ, “ನೆಲ ಡೊಂಕೇ ಇದ್ರೆ ಹೇಳ್ಬೇಡ್ವಾ? ನೆಲ ಮಾಡೋರೇ ನಾವು.”

ಮೇಸ್ತ್ರಿ ನಕ್ಕು ಹೊರಟರು. ಬಡಗಿಯಣ್ಣ ಕರಣೆ ಎತ್ತಿಕೊಂಡ. ಅದು ತೀರಿಹೋದ ಅವಳಪ್ಪನದು. ಜಾರಬಾರದೆಂದು ಹಿಡಿಗೆ ಬಟ್ಟೆ ಸುತ್ತಿದ್ದಳು, ಜಾರಿದಷ್ಟೂ ಸುತ್ತಿದ್ದಳು.

“ಏನಕ್ಕ, ಕರಣೆಗೆ ಚಳಿಜ್ವರವಾ? ಸುತ್ತಿದಷ್ಟೂ ಹಿಡಿ ದಪ್ಪ. ದಪ್ಪ ಆದಷ್ಟೂ ಬಿಗಿಯಾಗಿ ಹಿಡೀಬೇಕು, ಕೈ ಸೋಲುತ್ತೆ. ಒದ್ದೆ ಬಟ್ಟೇಲಿ ಸಿಮೆಂಟು ಕೂತು ಚರ್ಮಾನೂ ತಿನ್ನುತ್ತೆ. ಒಂದು ಹಿಡಿ ಜೇಡಿಮಣ್ಣು ತಗೋ. ಕಣ್ಣು ಮುಚ್ಚಿ, ಗೋಡೆ ಸವರೋ ಹಾಗೇ ಹಿಡಿ. ಒಣಗಲಿ. ನಿನ್ನ ಹಿಡಿ ಎಂಥದ್ದು ಅಂತ ಮಣ್ಣೇ ಹೇಳುತ್ತೆ. ಅದೇ ಅಚ್ಚಿಗೆ ಹೊಸ ಹಿಡಿ ಕೆತ್ತೋಣ.”

ಮನೆಯಲ್ಲಿ ತಾಯಿ ಒಪ್ಪಲಿಲ್ಲ. “ನಿಮ್ಮಪ್ಪನ ಕೈಗುಣ ಅದರಲ್ಲಿದೆ. ಹಿಡಿ ಬಿಚ್ಚಿದ್ರೆ ಹೋಯ್ತು.”

ಆದರೂ ಗಾರೆಯಕ್ಕ ಹಿತ್ತಿಲಲ್ಲಿ ಕೂತು ಕಣ್ಣು ಮುಚ್ಚಿ ಮಣ್ಣು ಹಿಡಿದಳು. ತಣ್ಣಗಿತ್ತು. ತಾನು ಹಿಡಿದದ್ದೋ, ಯಾರೋ ತನ್ನ ಕೈ ಹಿಡಿದದ್ದೋ ತಿಳಿಯದಷ್ಟು ಮೆತ್ತಗಿತ್ತು. ಅದನ್ನು ಕಿಟಕಿಯಲ್ಲಿ ಒಣಗಲಿಟ್ಟಳು.

ಭಾನುವಾರ ಬಡಗಿಯಣ್ಣ ಬಂದು ಕರಣೆಯ ಬಟ್ಟೆಯನ್ನು ಸುತ್ತುಸುತ್ತಾಗಿ ಬಿಚ್ಚಿದ. ತಾಯಿ ಮುಖ ತಿರುಗಿಸಿ ಕೂತಿದ್ದರು. ಕೊನೆಯ ಸುತ್ತು ಬಿದ್ದಾಗ ಮನಸ್ಸು ತಡೆಯದೆ ಕೈಚಾಚಿ ಆ ಮರವನ್ನು ಸವರಿದರು. ಅವರ ಹೆಬ್ಬೆರಳು ಒಂದು ಗುಳಿಯೊಳಗೆ ಇಳಿಯಿತು. ಗುಳಿ ಅವರ ಬೆರಳಿಗಿಂತ ದೊಡ್ಡದು.

“ಇದು ಅಂಗಡಿಯವರು ಮಾಡಿದ್ದಲ್ಲಮ್ಮ,” ಎಂದ ಬಡಗಿಯಣ್ಣ.

“ಇವಳಪ್ಪಾನೇ ಕೆತ್ತಿದ್ದು.” ತಾಯಿಯ ದನಿ ದೂರದಿಂದ ಬಂದಂತಿತ್ತು. “ಹೊಸ್ತಿಲ ಮೇಲೆ ಕೂತು ಗಾಜಿನ ಚೂರಲ್ಲಿ ಹೆರೆಯೋರು. ಮನೆಯೆಲ್ಲ ಮರದ ಹೊಟ್ಟು ಅಂತ ನಾನೇ ಬೈದಿದ್ದೆ. ಮರೆತೇಬಿಟ್ಟಿದ್ದೆ.”

ಕಿಟಕಿಯಲ್ಲಿ ಬೆರಳಚ್ಚು ಹೊತ್ತು ಒಣಗಿದ್ದ ಮಣ್ಣನ್ನು ತಂದು ಮಗಳ ಮಡಿಲಿಗಿಟ್ಟರು. “ನಿನ್ನ ಬೆರಳು ಇಷ್ಟೇ ಪುಟ್ಟದು. ಕೆತ್ತಿಕೋ ಮಗಳೇ. ಹಳೇ ಹಿಡಿ ನಂಗಿರಲಿ.”

ಗಂಟು, ಬಿರುಕು ಇಲ್ಲದ ಒಣಮರ ಆರಿಸಿದರು. ಸ್ವಲ್ಪ ಕೆತ್ತುವುದು, ಹಿಡಿದು ನೋಡುವುದು, ಮತ್ತೆ ಕೆತ್ತುವುದು. ಸಿಬಿರೇಳದಂತೆ ಮರಳುಕಾಗದದಿಂದ ಉಜ್ಜಿ ಎಣ್ಣೆ ಸವರಿದರು. ಹಳೇ ಹಿಡಿಯಿಂದ ಬಿಡಿಸಿದ ಅಲಗಿನ ಬಾಲವನ್ನು ಹೊಸದರೊಳಗೆ ಬಿಗಿಯಾಗಿ ಕೂರಿಸಿ ಬಡಗಿಯಣ್ಣ ಅಲ್ಲಾಡಿಸಿ ನೋಡಿದ. “ಯಾವತ್ತಾದ್ರೂ ಸಡಿಲ ಆದ್ರೆ ಗೋಡೆ ಹತ್ರಾನೂ ಹೋಗ್ಬೇಡ.”

ಸೋಮವಾರ ನೋವು ಪೂರ್ತಿ ಹೋಗಿರಲಿಲ್ಲ. ಆದರೆ ಕರಣೆ ಜಾರಲಿಲ್ಲ. ಬಿಸಿಲು ಮತ್ತೆ ಅದರ ಹಿಂದೆ ಹರಿಯಿತು. ಮೇಸ್ತ್ರಿ ಗೋಡೆಯ ಸುತ್ತ ಕಣ್ಣಾಡಿಸಿ ಕೇಳಿದರು, “ನೆಲದ ಡೊಂಕು ಹೋಯ್ತಾ?”

“ಹೋಯ್ತು ಮೇಸ್ತ್ರಿ. ನಿಮ್ಮ ಸುತ್ತಿಗೆ ಕೊಡಿ, ಅದರ ಹಿಡೀನೂ ನೋಡೋಣ.”

ಕೇಳುತ್ತಿರುವ ಅಕ್ಕ, ಅಣ್ಣ, ನಿಮ್ಮ ಸಲಕರಣೆಯನ್ನು ಇಂದು ಒಮ್ಮೆ ಕಣ್ಣು ಮುಚ್ಚಿ ಹಿಡಿದು ನೋಡಿ. ಬೆರಳು ನೋಯುತ್ತಿದ್ದರೆ ಕೈಯನ್ನು ಬೈಯಬೇಡಿ, ಹಿಡಿಯನ್ನು ತಿದ್ದಿ. ಜೋಮು ಬಿಡದಿದ್ದರೆ ವೈದ್ಯರಿಗೆ ತೋರಿಸಿ. ಹಿರಿಯರ ಕೈಗುಣ ಬೇಕೆಂದರೆ ಅವರಂತೆ ನಿಮ್ಮ ಕೈಗೆ ತಕ್ಕ ಹಿಡಿ ಮಾಡಿಕೊಳ್ಳಿ: ಒಂದು ಹಿಡಿ ಮಣ್ಣು ಹಿಡಿಯಿರಿ, ನಿಮ್ಮ ಹಿಡಿ ನಿಮಗೆ ಸಿಕ್ಕೀತು.