ರಿಂಗಿನ ಕೆಳಗೆ

ಮೊಣಕಾಲು ಮಡಚಲು ಮೂವರು ಬೇಕಾದರು. ಇಬ್ಬರು ಒಂದೊಂದು ಕಾಲನ್ನು ಒತ್ತಿ ಹಿಡಿದರು. ಮೂರನೆಯವನು ಬೆನ್ನನ್ನು ಗೋಡೆಗೆ ಆನಿಸಿ, ಎದೆಗೆ ಧೋತರ ಸುತ್ತಿ, ಅದರ ತುದಿಯನ್ನು ಗೋಡೆಯ ಗೂಟಕ್ಕೆ ಬಿಗಿದ. ಶ್ರೀಶೈಲಪ್ಪ ಕಾಮಾಲೆಯಿಂದ ತೀರಿಕೊಂಡದ್ದು ನಸುಕಿನಲ್ಲಿ, ಸಿಂದಗಿಯ ದವಾಖಾನೆಯಲ್ಲಿ. ಟ್ರಕ್ಕಿನಲ್ಲಿ ಮೋರಟಗಿಗೆ ತರುವಷ್ಟರಲ್ಲಿ ಮೈ ಸೆಟೆದಿತ್ತು. ಸತ್ತವರನ್ನು ಕೂಡ್ರಿಸಿಯೇ ಮಣ್ಣು ಮಾಡುವ ಜನ. ಮಲಗಿದವನನ್ನು ಹೇಗಾದರೂ ಕೂಡ್ರಿಸಲೇಬೇಕಿತ್ತು.

"ಆರು ಫೂಟು ಮೂರು ಇಂಚು ಅದಾನ್ರಿ. ಇವಗ ಕುಣಿ ತೋಡೋದಂದ್ರ ಬಾಂವಿ ತೋಡಿದಂಗ," ಎಂದ ಕುಣಿ ತೋಡುವ ಸಂಗಣ್ಣ. ಕುಣಿಯ ಅಳತೆ ಸತ್ತವನ ಪಾದದಲ್ಲೇ ಆಗಬೇಕು, ಒಂಬತ್ತು ಪಾದ. ಅವನು ಜೋಳದ ದಂಟೊಂದನ್ನು ಶ್ರೀಶೈಲಪ್ಪನ ಅಂಗಾಲಿಗೆ ಹಿಡಿದು, ಹಿಮ್ಮಡಿಯ ಹತ್ತಿರ ಮುರಿದುಕೊಂಡ.

"ಬಾಯಿ ಮುಚ್ಚೊ," ಎಂದಳು ಸೋದರತ್ತೆ ಲಕ್ಕವ್ವ. "ಕಂಡಕ್ಟರ್ ಆಗಿ ಐದು ವರ್ಸ ಬಸ್ಸಿನಾಗ ಕುತಗಿ ಬಗ್ಗಿಸಿ ನಿಂತಾನ ನನ್ನ ಕೂಸು. ಇವತ್ತರ ನೆಟ್ಟಗ ಕುಂದರ್ಲಿ."

ಅವಳು ಒದ್ದೆ ಕೈಯಿಂದ ಅವನ ಕಣ್ಣು ಮುಚ್ಚಿದಳು. ಕೈ ತೆಗೆದ ಮೇಲೆ ರೆಪ್ಪೆಗಳು ಮೆಲ್ಲಗೆ ಮೇಲೆ ಸರಿದವು.

"ನೋಡ್ರಿ, ಮುಚ್ಚಿದಂಗೆಲ್ಲ ತೆರಿತಾವ. ಯಾರನ್ನೋ ಕಾಯಾಕತ್ತಾನ," ಎಂದಳು.

"ಅಪ್ಪನ್ನ ಇರಬೇಕು. ಮಾಸ್ತರು ಇನ್ನೂ ಒಳಗ ಬಂದಿಲ್ಲಲ್ಲ," ಎಂದ ಕಾಲು ಹಿಡಿದವರಲ್ಲೊಬ್ಬ.

ತಂದೆ ಬಸಂತರಾಯ ಮಾಸ್ತರು ಮುಂಜಾನೆಯಿಂದ ಹೊರಗಿನ ಕಟ್ಟೆಯ ಮೇಲೆ, ಕಿಟಕಿಗೆ ಬೆನ್ನು ಮಾಡಿ ಕೂತಿದ್ದರು. ಅವರ ಕೈಕೆಳಗೆ ಕಲಿತ ಅಮಸಿದ್ದ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬಂದವರಿಗೆಲ್ಲ ಹೇಳುತ್ತಿದ್ದ. ಅದು ಸಮಾಧಾನದ ಮಾತು ಎಂದೇ ಅವನು ತಿಳಿದಿದ್ದ.

"ಮಾಸ್ತರಂದ್ರ ಇವರು ನೋಡ್ರಿ. ನಮಗೆಲ್ಲ ಕಪಾಳಕ್ಕ ಒಂದು ಬಿದ್ರ ಸ್ವಂತ ಮಗಗ ಎರಡು. ಮಗಾ ಅಂತ ಬಿಟ್ಟ ಅಂತ ಯಾರೂ ಅನಬಾರದು. ನ್ಯಾಯ ಅಂದ್ರ ನ್ಯಾಯ."



ಬಾಗಿಲ ಬಳಿ ಮಲಿಕಸಾಬ ನಿಂತಿದ್ದ. ಸಿಂದಗಿಯಲ್ಲಿ ಅವನದೊಂದು ಹೊಲಿಗೆ ಅಂಗಡಿ. ಸುದ್ದಿ ತಿಳಿದೊಡನೆ ಅಂಗಡಿ ಮುಚ್ಚಿ ಬಂದಿದ್ದ. ಆ ತೆರೆದ ಕಣ್ಣುಗಳನ್ನು ನೋಡಿದಾಗ, ಕಾಯುತ್ತಿರುವುದು ತನ್ನನ್ನೇ ಎಂದು ಅವನಿಗೆ ಅನ್ನಿಸಿತು. ಇಬ್ಬರೂ ಮಾತು ಬಿಟ್ಟು ಆರು ವರ್ಷವಾಗಿತ್ತು.

*

ಕಾಲೇಜಿನ ಬಾಸ್ಕೆಟ್‌ಬಾಲ್ ಮೈದಾನದಲ್ಲಿ ಎರಡು ಕಂಬ, ಎರಡು ಹಲಗೆ, ಬಲೆಯಿಲ್ಲದ ಎರಡು ರಿಂಗು. ಬೆಳಗಿನ ಹೊತ್ತು ಶ್ರೀಶೈಲಪ್ಪ ಒಬ್ಬನೇ ಹೋಗಿ ರಿಂಗಿನ ಕೆಳಗೆ ನಿಂತು ಚೆಂಡು ಹಾಕುತ್ತಿದ್ದ. ಮಲಿಕ ಬೇವಿನ ಕಡ್ಡಿ ಅಗಿಯುತ್ತ ಎಣಿಸುತ್ತಿದ್ದ. ನೂರಕ್ಕೆ ನೂರು. ದೂರದಿಂದಲೂ ಅವನ ಗುರಿ ತಪ್ಪುತ್ತಿರಲಿಲ್ಲ. ಆದರೆ ಆಟದಲ್ಲಿ, ರಿಂಗಿನ ಕೆಳಗೆ, ಎದುರಾಳಿ ಮೇಲೆ ಬಿದ್ದು ಕೈ ಎತ್ತಿದನೆಂದರೆ ಮುಗಿಯಿತು. ಚೆಂಡು ಹಲಗೆಗೆ ಬಡಿಯುತ್ತಿತ್ತು, ರಿಂಗಿನ ಅಡಿಗೆ ಬಡಿಯುತ್ತಿತ್ತು. ಕೂಸಿನ ಬಾಯಿಗೆ ತುತ್ತು ಇಟ್ಟಷ್ಟು ಸುಲಭದ ಚೆಂಡು.

"ಅಷ್ಟು ಎತ್ತರ ಇದ್ದು ಏನ್ ಬಂತಲೇ ಸೈಲ್ಯಾ, ಒಂಟಿಗೆ ಸಂತ್ಯಾಗ ಕಾಯಿಪಲ್ಯಾ ಕೊಳ್ಳಾಕ ಬರಂಗಿಲ್ಲಂತ," ಎಂದು ಮಲಿಕ ನಗುತ್ತಿದ್ದ. ಶ್ರೀಶೈಲಪ್ಪನೂ ನಗುತ್ತಿದ್ದ. ಮರುದಿನ ಇನ್ನೂ ಬೇಗ ಎದ್ದು ಮೈದಾನಕ್ಕೆ ಹೋಗುತ್ತಿದ್ದ.

ಎಪ್ಪತ್ತೊಂದರಲ್ಲಿ ವಿಜಾಪುರದಲ್ಲಿ ಕೊನೆಯ ಪಂದ್ಯ. ಯುನಿವರ್ಸಿಟಿ ತಂಡಕ್ಕೆ ಆಟಗಾರರನ್ನು ಆರಿಸುವವರು ಕುರ್ಚಿ ಹಾಕಿಕೊಂಡು ಕೂತಿದ್ದರು. ಗೆದ್ದ ತಂಡದಿಂದಲೇ ಆರಿಸುತ್ತಾರೆಂಬ ಸುದ್ದಿ ಇತ್ತು. ಇವರ ತಂಡ ಒಂದು ಅಂಕ ಹಿಂದೆ ಇತ್ತು. ಕೊನೆಯ ಗಳಿಗೆಯಲ್ಲಿ ಮಲಿಕ ಇಬ್ಬರ ನಡುವೆ ತೂರಿಸಿದ ಚೆಂಡು ಶ್ರೀಶೈಲಪ್ಪನ ಕೈಗೆ ಬಂದು ಕೂತಿತು. ಅವನು ರಿಂಗಿನ ಕೆಳಗೇ ಇದ್ದ. ಎದುರಾಳಿಯ ಅಂಗೈ ಅವನ ಮುಖದ ಮುಂದೆ ಏರಿತು. ಚೆಂಡು ರಿಂಗಿನ ಅಡಿಗೆ ಬಡಿದು ಅವನ ಹೆಗಲ ಮೇಲೆಯೇ ಬಿತ್ತು.

ಬಸ್ ಸ್ಟ್ಯಾಂಡಿನಲ್ಲಿ, ಎಲ್ಲರೆದುರು, ಮಲಿಕ ಕೇಳಿದ:

"ಒಬ್ಬನ ಇದ್ದಾಗ ನೂರಕ್ಕ ನೂರು ಹಾಕ್ತಿ. ಇವತ್ತ ಯಾಕ ಹಾಕ್ಲಿಲ್ಲ? ನನ್ನ ಆರಸ್ತಾರ, ನಿನ್ನ ಬಿಡ್ತಾರ ಅಂತ ಬೇಕಂತ ತಪ್ಪಿಸಿದಿ. ಇಲ್ಲ ಅನ್ನು ನೋಡೂಣು. ನನ್ನ ಮುಖಾ ನೋಡಿ ಹೇಳು!"

ಹೇಳುತ್ತ ಅವನ ಮುಖದ ಹತ್ತಿರ ಕೈ ಒಯ್ದ. ಶ್ರೀಶೈಲಪ್ಪ ಕಣ್ಣು ಮುಚ್ಚಿದ.

ಅದನ್ನು ಮಲಿಕ ಒಪ್ಪಿಗೆ ಎಂದು ತಿಳಿದ.

ಆಮೇಲೆ ಶ್ರೀಶೈಲಪ್ಪ ಕಾಲೇಜಿಗೆ ಹೋಗಲಿಲ್ಲ. ತಾಳಿಕೋಟೆಯ ಬಸ್ಸಿನಲ್ಲಿ ಕಂಡಕ್ಟರ್ ಆದ. ಒಮ್ಮೆ ಮಲಿಕ ತಿಳಿಯದೆ ಆ ಬಸ್ಸು ಹತ್ತಿದ್ದ. ತುಂಬಿದ ಬಸ್ಸಿನಲ್ಲಿ ಮಂದಿ ಕಂಬಿಗೆ ಕೈ ಚಾಚಿದಾಗಲೆಲ್ಲ ಶ್ರೀಶೈಲಪ್ಪ ಕತ್ತು ಹೊರಳಿಸುತ್ತ ಬಂದ. ಟಿಕೀಟು ಹರಿದು ಕೊಟ್ಟ. ಮುಂದಿನವನ ಕಡೆ ಸರಿದ.

*

ಶ್ರೀಶೈಲಪ್ಪನ ಹೆಂಡತಿ ಶಂಕ್ರೆವ್ವ ಗಂಡನಿಂದ ಒಂದು ಮಾರು ದೂರ, ಕಿಟಕಿಯ ಕೆಳಗೆ ಕೂತಿದ್ದಳು. ಅವಳ ಅಳು ಮುಗಿದಿತ್ತು. ಮಲಿಕ ಹೋಗಿ ಎದುರಿಗೆ ಕೂತ.

"ತಂಗಿ, ನಾ ಮಲಿಕ."

"ಗೊತ್ತೈತ್ರಿ ಅಣ್ಣಾರ. ನಿಮ್ಮ ಹೆಸರು ಹೇಳ್ತಿದ್ರು. ಮಲಿಕ ಒಗದ ಬಾಲು ತಾನ ಬಂದು ಕೈಯಾಗ ಕುಂದರ್ತಿತ್ತು ಅಂತಿದ್ರು."

"ಹಂಗಾದ್ರ ಯಾಕ ಹಾಕ್ಲಿಲ್ಲ?"

ಸಾವಿನ ಮನೆಯಲ್ಲಿ ಕೇಳುವ ಮಾತಲ್ಲ. ತಡೆಯುವ ಮೊದಲೇ ಬಾಯಿಂದ ಬಿದ್ದಿತ್ತು. ಶಂಕ್ರೆವ್ವ ಅವನನ್ನು ನೋಡಿದಳು, ಸಿಟ್ಟಿಲ್ಲದೆ.

"ಕಂಡಿದ್ರ ಹಾಕ್ತಿದ್ರು."

"ಕಣ್ಣಿಗೆ ಏನರ ಆಗಿತ್ತಾ?"

"ಕಣ್ಣು ಚೊಲೊ ಇದ್ದೂರಿ. ಯಾರದರ ಕೈ ಮುಖದ ಹತ್ರ ಬಂತಂದ್ರ ತಾವ ಮುಚ್ಚಿಕೊಳ್ತಿದ್ದೂ. ಲಗ್ನ ಆದ ಹೊಸದಾಗಿ ಹಣಿಗೆ ವಿಭೂತಿ ಹಚ್ಚಾಕ ಹೋದೆ. ಹಿಂದಕ್ಕ ಸರದು ಗ್ವಾಡಿಗೆ ಅಂಟಿಕೊಂಡು ನಿಂತ್ರು. ಆಮ್ಯಾಲ ತಾವ ಅತ್ರು. ಸಾಲ್ಯಾಗಿಂದ ಬಂದದ್ದಿದು, ಹೋಗಂಗಿಲ್ಲ ಶಂಕ್ರಿ, ಅಂದ್ರು. ಮುಖಾ ಮುಟ್ಟಬಾರದಂತ ನಾನೂ ಕಲಿತೆ."

"ನನಗ ಯಾಕ ಹೇಳ್ಲಿಲ್ಲ ಅಂವಾ?"

"ಅಪ್ಪನ ಹೆಸರು ಬರತೈತಿ ಅಂತ."

ಮಲಿಕನಿಗೆ ಬಸ್ ಸ್ಟ್ಯಾಂಡು ನೆನಪಾಯಿತು. ತಾನು ಎತ್ತಿದ ಕೈಯನ್ನು ಈಗ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡ.

ಕಿಟಕಿಯ ಆಚೆ ಅಮಸಿದ್ದನ ಮಾತು ನಿಂತಿತ್ತು. ಕಟ್ಟೆಯ ಮೇಲೆ ಮಾಸ್ತರು ಎರಡೂ ಕೈಗಳನ್ನು ಶಾಲಿನೊಳಗೆ ಎಳೆದುಕೊಂಡರು.

ಕುಣಿ ತಯಾರಾಯಿತೆಂದು ಸಂಗಣ್ಣ ಹೇಳಿ ಕಳಿಸಿದ. ಕ್ರಿಯೆ ಮಾಡಿಸಲು ಬಂದಿದ್ದ ಸ್ವಾಮಿಗಳು ವಿಭೂತಿಯ ತಟ್ಟೆ ಮುಂದಿಟ್ಟರು.

"ಹೊತ್ತಾತು. ಮನಿಯವರು ಒಬ್ಬೊಬ್ಬರಾಗಿ ಹಚ್ರಿ."

ಲಕ್ಕವ್ವ ಹಚ್ಚಿದಳು. ಶಂಕ್ರೆವ್ವ ಕೈಯನ್ನು ಹಣೆಯವರೆಗೆ ಒಯ್ದು, ಹಳೆಯ ರೂಢಿಯಂತೆ ಹಿಂದೆ ತೆಗೆದು, ಪಾದಕ್ಕೆ ಹಚ್ಚಿದಳು.

"ಮಾಸ್ತರನ್ನ ಕರೀರಿ."

"ನನಗ ಬ್ಯಾಡ," ಎಂದಿತು ಹೊರಗಿನ ದನಿ.

"ಬ್ಯಾಡ ಅಂದ್ರ ಹೆಂಗ್ರಿ? ನೀವು ಹಚ್ಚದ ಹೆಣ ಏಳಂಗಿಲ್ಲ."

ಇಬ್ಬರು ರಟ್ಟೆ ಹಿಡಿದು ಕರೆತಂದರು. ಮಾಸ್ತರು ಮಗನ ಎದುರು ನೆಲಕ್ಕೆ ಕೂತರು. ಕೂತಲ್ಲಿಯೂ ಮಗ ಅವರಿಗಿಂತ ಎತ್ತರವಾಗಿದ್ದ. ಅವರು ಮೂರು ಬೆರಳನ್ನು ವಿಭೂತಿಯಲ್ಲಿ ಅದ್ದಿ, ಬಲಗೈ ಎತ್ತಿ, ಅವನ ಮುಖದ ಹತ್ತಿರ ತಂದರು. ಕೈ ಅಲ್ಲಿಯೇ ನಿಂತಿತು.

"ಹಚ್ರಿ ಮಾಸ್ತರ," ಎಂದರು ಯಾರೋ.

ಬೆರಳುಗಳಿಂದ ವಿಭೂತಿ ಉದುರಿ ಶ್ರೀಶೈಲಪ್ಪನ ತೆರೆದ ಕಣ್ಣುಗಳೊಳಗೆ ಬಿತ್ತು. ರೆಪ್ಪೆ ಅಲುಗಲಿಲ್ಲ.